ಹನ್ನೊಂದು ವರ್ಷದ ಫ್ರಾಕು

ಅಂಗಡಿ ಸಂಕೀರ್ಣದ ಮೆಟ್ಟಿಲ ಕೆಳಗೆ, ಬೇರೆ ಕಡೆಯಾಗಿದ್ದರೆ ಪೊರಕೆ ಬಕೆಟ್ಟು ಇಡುತ್ತಿದ್ದ ಜಾಗದಲ್ಲಿ, ಅವನ ಹೊಲಿಗೆ ಯಂತ್ರವಿತ್ತು. ಹೊಸ ಬಟ್ಟೆ ಹೊಲಿಸಲು ಬರುವವರು ಕಡಿಮೆ. ಪ್ಯಾಂಟಿನ ಉದ್ದ ಮೊಟಕು ಮಾಡುವುದು, ಸೊಂಟ ಬಿಚ್ಚಿ ಅಗಲ ಮಾಡುವುದು, ಜಿಪ್ಪು ಬದಲಿಸುವುದು, ಇಷ್ಟರಲ್ಲೇ ಹದಿನಾರು ವರ್ಷ ಕಳೆದಿತ್ತು. ಟೇಪು ಕೊರಳಲ್ಲಿ ನೇತಾಡುತ್ತಿದ್ದರೂ ಅದನ್ನು ಮುಟ್ಟುವ ಮೊದಲೇ ಅಳತೆ ಹೇಳಿಬಿಡುತ್ತಿದ್ದ. "ಹೋದ್ಸಲ ಮೂವತ್ನಾಲ್ಕು, ಈಗ ಮೂವತ್ತಾರೂವರೆ. ಏನ್ಸಾರ್, ಮದುವೆ ಆಯ್ತಾ?" ಎಂದರೆ ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಗುತ್ತಿದ್ದ. ಇಡೀ ಸಂಕೀರ್ಣಕ್ಕೆ ಅವನು ಇಂಚಣ್ಣ.

ಊರು ದಾಟಿ ಒಂದೂವರೆ ಗಂಟೆ ಹೋದರೆ ಮರಳುಗಾಡು. ಗಾಳಿ ಜೋರಾದ ದಿನ ಅಲ್ಲಿಯ ಮರಳು ಅವನ ಯಂತ್ರದ ಹೊಟ್ಟೆಯೊಳಗೂ ಬಂದು ಕೂರುತ್ತಿತ್ತು. ಮರಳು ಅವನನ್ನು ನೋಡಲು ಬರುತ್ತಿತ್ತೇ ಹೊರತು ಅವನು ಒಮ್ಮೆಯೂ ಮರಳನ್ನು ನೋಡಲು ಹೋದವನಲ್ಲ. ಹೆಂಡತಿಯೂ ಅಷ್ಟೆ, ಮದುವೆಯಾದ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ವಾಹನ ಹತ್ತಿ ಹೋಗಿರಲಿಲ್ಲ. ಮಗಳು ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದಳು. ಮರಳಿನ ಗುಡ್ಡದ ನೆತ್ತಿಯಿಂದ ಜೀಪು ಜಾರಿ ಇಳಿಯುತ್ತದಂತೆ, ಅದರಲ್ಲಿ ಕೂರಬೇಕು ಅಂತ. "ಮುಂದಿನ ವರ್ಷ" ಅಂದಿದ್ದ. ಆಮೇಲೆ ಅವಳು ಕೇಳಲೇ ಇಲ್ಲ. ಕೇಳಿದ್ದರೆ ಗದರಿಸಿ ಮರೆತುಬಿಡಬಹುದಿತ್ತು. ಕೇಳದೆ ಇದ್ದದ್ದು ಬಟ್ಟೆಯೊಳಗೆ ಉಳಿದುಹೋದ ಗುಂಡುಸೂಜಿಯ ಹಾಗೆ, ಅತ್ತಿತ್ತ ಹೊರಳಿದಾಗೆಲ್ಲ ಚುಚ್ಚುತ್ತಿತ್ತು. ಈಗ ಅವಳಿಗೆ ಹದಿಮೂರೂವರೆ.

ಅವನ ಅಂಗಡಿಯ ಎದುರಿಗೇ ಪ್ರವಾಸದ ಕಚೇರಿ. ಅದನ್ನು ನಡೆಸುವವಳನ್ನು ಎಲ್ಲರೂ ಟಿಕೆಟ್ ಮೇಡಂ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಇಂಚಣ್ಣ ಅವಳ ಕೋಟಿನ ಗುಂಡಿ ಹಾಕಿಕೊಡುವ ನೆಪದಲ್ಲಿ ಒಳಗೆ ಹೋದ.

"ಮೇಡಂ, ಮರಳುಗಾಡಿಗೆ ಎಲ್ಲಕ್ಕಿಂತ ಕಡಿಮೆದು ಯಾವುದು?"

"ಸಂಜೆ ಟ್ರಿಪ್ಪು. ಗಾಡಿ ನಿಮಗೊಬ್ಬರಿಗೇ ಅಲ್ಲ, ಬೇರೆಯವರ ಜೊತೆ ಕೂರ್ಬೇಕು. ಊಟ ಇಲ್ಲ, ಚಹಾ ಬಿಸ್ಕತ್ತು. ಜೀಪು ಗುಡ್ಡ ಹತ್ತಿಸಿ ಇಳಿಸ್ತಾರೆ. ಒಂಟೆ ಮೇಲೆ ಕೂರೋ ಹಾಗಿಲ್ಲ, ಪಕ್ಕ ನಿಂತು ಫೋಟೋ ತೆಗೆಸ್ಕೋಬಹುದು."

"ಒಂಟೆಗೂ ಅದೇ ಒಳ್ಳೇದು ಬಿಡಿ."

ಅವಳು ನಕ್ಕು ದರ ಹೇಳಿದಳು. ಅವನು ಮನಸ್ಸಿನಲ್ಲೇ ಮೂರರಿಂದ ಗುಣಿಸಿದ. ಹೆಂಡತಿಯೂ ಅವನೂ ವರ್ಷವಿಡೀ ಕೂಡಿಟ್ಟದ್ದು ಮೂರು ಸೀಟಿಗೆ ಸಾಲುತ್ತಿರಲಿಲ್ಲ. ಎರಡೂವರೆ ಸೀಟಿಗೆ ಸರಿಯಾಗಿ ಹೊಂದುತ್ತಿತ್ತು.

"ಹನ್ನೆರಡರ ಕೆಳಗಿನ ಮಕ್ಕಳಿಗೆ ಅರ್ಧ" ಎಂದಳು ಮೇಡಂ, ಅವನ ಮುಖ ನೋಡದೆ. "ಮಗಳಿಗೆಷ್ಟು ಇಂಚಣ್ಣ?"

"ಹನ್ನೊಂದು."

ತನ್ನ ಬಾಯಿಂದಲೇ ಬಂತೇ ಎಂದು ಅವನಿಗೇ ಆಶ್ಚರ್ಯವಾಯಿತು. ಮೇಡಂನ ಪೆನ್ನು ಒಂದು ಕ್ಷಣ ನಿಂತಿತು. ಶಾಲೆಗೆ ರಜೆಯಿದ್ದಾಗ ಊಟದ ಡಬ್ಬಿ ಹಿಡಿದು ಬರುತ್ತಿದ್ದ ಹುಡುಗಿ ಇದೇ ಗಾಜಿನ ಮುಂದೆ ಹಾದುಹೋಗುತ್ತಿದ್ದಳು.

"ನಾನೇನೂ ಕೇಳಲ್ಲಪ್ಪ. ಹತ್ತಿಸ್ಕೊಳ್ಳೋನು ಡ್ರೈವರು. ಅವನಿಗೆ ಅನುಮಾನ ಬಂದ್ರೆ ಅಲ್ಲೇ ಪೂರ್ತಿ ಕೊಡ್ಬೇಕು, ಇಲ್ಲಾಂದ್ರೆ ಇಳೀಬೇಕು. ಕಟ್ಟಿದ್ದು ವಾಪಸ್ ಬರಲ್ಲ."

ಅವನು ದುಡ್ಡು ಕಟ್ಟಿ, ರಸೀದಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಯಾರು ಯಾವ ಬಟ್ಟೆ ತಂದರೂ ಮೊದಲು ಒಳಮಗ್ಗುಲು ತಿರುಗಿಸಿ ನೋಡುವವನು ಆ ಕಾಗದದ ಹಿಂಬದಿಯನ್ನು ಮಾತ್ರ ನೋಡಲಿಲ್ಲ.

ಬೇರೆ ಅಪ್ಪನಾಗಿದ್ದರೆ ಮಗಳಿಗೆ ಸ್ವಲ್ಪ ಬಗ್ಗಿ ನಿಲ್ಲು ಅನ್ನುತ್ತಿದ್ದ. ಇಂಚಣ್ಣ ದರ್ಜಿ. ಡೊಳ್ಳು ಹೊಟ್ಟೆಯನ್ನು ಮರೆಸುವುದು, ಕುಳ್ಳನನ್ನು ಎತ್ತರ ಮಾಡುವುದು ಅವನ ದಿನನಿತ್ಯದ ಕೆಲಸ. ಎರಡೂವರೆ ವರ್ಷ ಕತ್ತರಿಸಿ ಹಾಕುವುದು ಅವನಿಗೇನು ಮಹಾ? ಸಗಟು ಅಂಗಡಿಯಿಂದ ಗುಲಾಬಿ ಬಣ್ಣದ ತುಂಡು ಬಟ್ಟೆ ತಂದು, ಊಟದ ಬಿಡುವಿನಲ್ಲಿ ಕೂತ. ಎದೆಯ ಮೇಲೆ ದಟ್ಟ ನೆರಿಗೆ ಹಿಡಿದ, ಅಲ್ಲಿ ಏನೂ ಕಾಣಬಾರದು. ಭುಜ ಚಿಕ್ಕದಾಗಿ ಕಾಣಲು ಉಬ್ಬುತೋಳು, ಕತ್ತು ಗಿಡ್ಡವಾಗಲು ದುಂಡನೆಯ ಅಗಲ ಕಾಲರು, ಬೆನ್ನ ಹಿಂದೆ ಚಿಟ್ಟೆಯ ಹಾಗೆ ಕಟ್ಟುವ ದೊಡ್ಡ ಬೋ. ಮುಗಿಸಿ ಎತ್ತಿ ಹಿಡಿದಾಗ ಅವನಿಗೆ ಹೆಮ್ಮೆಯೇ ಆಯಿತು. ಇಷ್ಟು ಅಚ್ಚುಕಟ್ಟಾಗಿ ಅವನು ಬಹಳ ವರ್ಷಗಳಿಂದ ಏನನ್ನೂ ಹೊಲಿದಿರಲಿಲ್ಲ.

ಪ್ರವಾಸಕ್ಕೆಂದು ಅಪ್ಪ ತನಗೆ ಏನೋ ಹೊಲಿಯುತ್ತಿದ್ದಾನೆಂದು ಮಗಳಿಗೆ ಗೊತ್ತಾಗಿತ್ತು. ನೋಟ್‌ಬುಕ್ಕಿನ ಹಾಳೆಯಲ್ಲಿ ಚಿತ್ರ ಬರೆದು ಕೊಟ್ಟಿದ್ದಳು: ಉದ್ದ ಶರ್ಟು, ಎರಡು ಜೇಬು. "ಜೇಬು ದೊಡ್ಡದಿರ್ಲಿ ಅಪ್ಪ, ಮರಳು ತುಂಬಿಸ್ಕೊಂಡು ಬರ್ತೀನಿ." ಅವನು ಹೂಂ ಹೂಂ ಅಂದಿದ್ದ.

ಹೊರಡುವ ದಿನ ಮಧ್ಯಾಹ್ನ ಪೊಟ್ಟಣ ಬಿಚ್ಚಿದ ಮಗಳು ಫ್ರಾಕನ್ನು ಎರಡು ಬೆರಳಲ್ಲಿ ಎತ್ತಿದಳು.

"ಇದ್ಯಾರಿಗೆ?"

"ನಿನಗೇ ಕಣೇ."

"ಅಪ್ಪ, ತಮಾಷೆ ಮಾಡ್ತಿದ್ದೀಯಾ?"

ಹೆಂಡತಿ ಬಾಚಣಿಗೆ ಹಿಡಿದು ಬಂದವಳು ನೆಲ ನೋಡುತ್ತ ಹೇಳಿದಳು. "ಎರಡು ಜಡೆ ಹಾಕ್ತೀನಿ ಬಾ. ಯಾರಾದ್ರೂ ಕೇಳಿದ್ರೆ ಹನ್ನೊಂದು ಅನ್ನು."

ಆ ಒಂಟಿ ಕೋಣೆಯ ಮನೆಯಲ್ಲಿ ಮುಖ ಮರೆಸಿಕೊಳ್ಳಲು ಯಾರಿಗೂ ಜಾಗವಿರಲಿಲ್ಲ. ಮಗಳು ಅಪ್ಪನನ್ನೊಮ್ಮೆ, ಬೋವನ್ನೊಮ್ಮೆ ನೋಡಿದಳು. "ನಾನು ಬರಲ್ಲ. ನೀವಿಬ್ರೇ ಹೋಗಿ."

"ಹಂಗಂದ್ರೆ ಹೆಂಗೆ ಪುಟ್ಟಾ? ಐದು ಗಂಟೆ ಹೊತ್ತು ಅಷ್ಟೆ. ಅಲ್ಲಿ ನಿನ್ನ ಯಾರು ನೋಡ್ತಾರೆ? ಮರಳು ನೋಡುತ್ತಾ?"

ಯಾರೂ ನಗಲಿಲ್ಲ. ಅವಳು ಫ್ರಾಕು ಹಿಡಿದು ಬಚ್ಚಲಿಗೆ ಹೋಗಿ, ಹಾಕಿಕೊಂಡು ಬಂದಳು. ಅದು ಅವನ ಲೆಕ್ಕದಂತೆಯೇ ಕೂತಿತ್ತು, ಒಂದು ನೂಲೂ ಆಚೀಚೆ ಇರಲಿಲ್ಲ. ಬೋ ಸರಿಮಾಡಲು ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ.

ಪೆಟ್ರೋಲ್ ಬಂಕಿನ ಮುಂದೆ ಜೀಪು ನಿಂತಾಗ ಕಪ್ಪು ಕನ್ನಡಕದ ಡ್ರೈವರು ಪಟ್ಟಿ ಓದಿದ. "ದೊಡ್ಡೋರಿಬ್ರು, ಮಗು ಒಂದು. ಮಗು ಎಲ್ಲಣ್ಣ?" ಎಂದು ಹೆಂಡತಿಯ ಸೊಂಟದ ಕಡೆ ಹುಡುಕಿದ.

ಯಾರೂ ಕೇಳುವ ಮೊದಲೇ ಮಗಳು "ಹನ್ನೊಂದು" ಅಂದಳು.

ಡ್ರೈವರು ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ, ಅಪ್ಪನನ್ನು ನೋಡಿದ. "ಹತ್ತಮ್ಮ" ಅಂದ, ಅಷ್ಟೆ.

ಒಳಗೆ ಒಬ್ಬ ಗಂಡ, ಹೆಂಡತಿ, ಅವರ ಮಗಳು ಮೊದಲೇ ಕೂತಿದ್ದರು. ಆ ಹುಡುಗಿಗೆ ನಿಜವಾಗಿಯೂ ಹನ್ನೊಂದು. ಚಿನಕುರುಳಿಯ ಹಾಗೆ ಪಟಪಟ ಮಾತಾಡುತ್ತಿದ್ದಳು.

"ನಿಂಗೂ ಹನ್ನೊಂದಾ? ಅಯ್ಯೋ, ಎಷ್ಟುದ್ದ ಇದ್ದೀಯೇ! ಐದನೇ ಕ್ಲಾಸಾ? ನಿಮ್ಗೆ ದಶಮಾಂಶ ಶುರು ಮಾಡಿದ್ರಾ? ನಿಮ್ ಮಿಸ್ಸು ಹೊಡೀತಾರಾ?"

"ಹೂಂ" ಅಂದಳು ಮಗಳು. ಎಂಟನೇ ತರಗತಿಯಲ್ಲಿ ಗಣಿತಕ್ಕೆ ಮೊದಲು ಬಂದವಳು. "ದಶಮಾಂಶ ಕಷ್ಟ."

ಇಂಚಣ್ಣ ಕಿಟಕಿಯ ಆಚೆ ನೋಡುತ್ತ ಕೂತ. ಆಗ ಆ ಹುಡುಗಿಯ ತಾಯಿ ಮುಂದೆ ಬಾಗಿ ಇಂಚಣ್ಣನ ಮಗಳ ಕಾಲರು ಮುಟ್ಟಿ ನೋಡಿದಳು. "ಎಷ್ಟು ಚೆಂದ ಹೊಲಿದಿದ್ದಾರೆ! ಈಗಿನ ಕಾಲದಲ್ಲಿ ಇಂಥ ನೆರಿಗೆ ಯಾರು ಹಿಡೀತಾರೆ? ಯಾವ ಅಂಗಡಿ?"

"ನಮ್ಮಪ್ಪನೇ ಹೊಲಿದಿದ್ದು" ಎಂದಳು ಮಗಳು. ಅವಳ ದನಿಯಲ್ಲಿ ವ್ಯಂಗ್ಯವಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅದಿರಲಿಲ್ಲ.

"ಹೌದಾ! ಹಾಗಾದ್ರೆ ನಮ್ಮವಳಿಗೂ ಇದೇ ಥರದ್ದೇ ಬೇಕು ಕಣ್ರೀ. ಇಬ್ಬರಿಗೂ ಒಂದೇ ವಯಸ್ಸಲ್ವಾ? ಅಳತೆ ಸ್ವಲ್ಪ ಚಿಕ್ಕದು ಮಾಡಿದ್ರಾಯ್ತು. ನಿಮ್ಮ ಕಾರ್ಡ್ ಕೊಡಿ."

ಕಾರ್ಡು ಎದೆಯ ಜೇಬಿನಲ್ಲೇ ಇತ್ತು. ಬಸ್ಸಿನಲ್ಲಿ ಸಿಕ್ಕವರನ್ನೆಲ್ಲ ಕರೆದು ಕರೆದು ಹಂಚುತ್ತಿದ್ದವನು "ಮರೆತು ಬಂದೆ" ಅಂದ.

ಮರಳುಗಾಡು ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಇಸ್ತ್ರಿ ಹಾಕಿ ಮಡಚಿಟ್ಟ ಹಾಗೆ ಗುಡ್ಡದ ಮೇಲೆ ಗುಡ್ಡ. ಒಂದು ಡೇರೆಯ ಬಳಿ ಜೀಪು ನಿಲ್ಲಿಸಿದ ಡ್ರೈವರು ಚಪ್ಪಾಳೆ ತಟ್ಟಿದ. "ಈಗ ಗುಡ್ಡ ಹತ್ತಿಸ್ತೀನಿ. ಹನ್ನೆರಡರ ಕೆಳಗಿನ ಮಕ್ಕಳು ಇಲ್ಲೇ ಇಳ್ಕೊಳ್ಳಿ. ಜೊತೆಗೆ ಒಬ್ಬೊಬ್ಬ ದೊಡ್ಡೋರು ಇರಿ. ರಸೀದಿ ಹಿಂದೆ ಬರ್ದಿದ್ದಾರಲ್ಲ."

ಇಂಚಣ್ಣ ನಾಲ್ಕು ಮಡಿಕೆಯ ಕಾಗದವನ್ನು ಆಗ ತಿರುಗಿಸಿದ. ಸಣ್ಣ ಅಕ್ಷರದಲ್ಲಿ ಅದೇ ಇತ್ತು.

ಮಗಳು ಆಗಲೇ ಇಳಿದಿದ್ದಳು. ಬಾಗಿಲ ಹಿಡಿಗೆ ಸಿಕ್ಕಿದ ಬೋವನ್ನು ಬಿಡಿಸಿಕೊಂಡಳು. ಹೆಂಡತಿ ಗಂಡನನ್ನು ನೋಡಿದಳು, ಏನಾದರೂ ಹೇಳು ಎನ್ನುವಂತೆ. ಒಳಗೆ ಆ ತಾಯಿ ಇದ್ದಳು, ನೆರಿಗೆಯನ್ನು ಹೊಗಳಿದವಳು. "ನೀನು ಹೋಗು, ನಾನಿರ್ತೀನಿ" ಎಂದಷ್ಟೇ ಹೆಂಡತಿಗೆ ಹೇಳಿ ಇಳಿದ. ಆ ತಾಯಿಯೂ ತನ್ನ ಮಗಳ ಜೊತೆ ಇಳಿದಳು.

ಜೀಪಿನ ಬಾಗಿಲು ಮುಚ್ಚಿತು. ಆಗ ಅವನು ಡ್ರೈವರನ ಕಿಟಕಿಯ ಬಳಿಗೆ ಓಡಿದ. ದನಿ ತಗ್ಗಿಸಿದ. "ಅಣ್ಣಾ, ಅವಳಿಗೆ ಹದಿಮೂರೂವರೆ. ತಪ್ಪಾಯ್ತು. ಉಳಿದದ್ದು ಮುಂದಿನ ತಿಂಗಳು ತಂದುಕೊಡ್ತೀನಿ, ಕರ್ಕೊಂಡು ಹೋಗು."

"ನಂಗೊತ್ತಿಲ್ವಾ ಅಣ್ಣ? ನಂಗೂ ಮೂರು ಹೆಣ್ಮಕ್ಕಳಿದ್ದಾರೆ." ಡ್ರೈವರು ಬೇಸರದಿಂದಲೇ ಹೇಳಿದ. "ದುಡ್ಡಿನ ಮಾತಲ್ಲ. ಚೀಟೀಲಿ ಹನ್ನೊಂದಿದೆ. ಗಾಡಿ ಮಗುಚಿದ್ರೆ ಚೀಟಿ ನೋಡ್ತಾರೆ, ಮುಖ ನೋಡಲ್ಲ. ನನ್ನ ಕೆಲಸ ಹೋಗುತ್ತೆ. ಹತ್ತೋವಾಗ್ಲೇ ಒಂದು ಮಾತು ಹೇಳಿದ್ರೆ ಮೇಡಂಗೆ ಫೋನ್ ಹಚ್ಚಿ ಬದಲಾಯಿಸ್ತಿದ್ದೆ. ಇಲ್ಲಿ ಸಿಗ್ನಲ್ ಎಲ್ಲಿದೆ?"

ಜೀಪು ಹೊರಟಿತು. ಮೊದಲ ಗುಡ್ಡದ ನೆತ್ತಿಯಲ್ಲಿ ಒಂದು ಕ್ಷಣ ನಿಂತು, ಆಚೆ ಕಡೆ ಮಾಯವಾಯಿತು. ಅಷ್ಟು ದೂರದಿಂದಲೂ ಹೆಂಡತಿಯ ಕೂಗು ಕೇಳಿಸಿತು. ಅವಳ ಗಂಟಲಿನಿಂದ ಅಂಥ ಕೂಗು ಹೊರಡಬಹುದೆಂದು ಅವನಿಗೆ ಈವರೆಗೆ ತಿಳಿದಿರಲಿಲ್ಲ.

ಡೇರೆಯ ನೆರಳಿನಲ್ಲಿ ಆ ಚಿನಕುರುಳಿ ಹುಡುಗಿ ಮರಳಿನ ಮನೆ ಕಟ್ಟುತ್ತಿದ್ದಳು. ಮಗಳು ಮೊಣಕಾಲ ಮೇಲೆ ಫ್ರಾಕು ಎಳೆದುಕೊಂಡು, ಅವಳು ಹೇಳಿದಲ್ಲಿ ಮರಳು ಸುರಿಯುತ್ತಿದ್ದಳು.

ಚಿನಕುರುಳಿಯ ತಾಯಿ ಬ್ಯಾಗಿನಿಂದ ಒಂದು ದಾರ ತೆಗೆದಳು. "ಹೇಗೂ ಬಿಡುವಾಗಿದ್ದೀರಲ್ಲ, ಇವಳ ಅಳತೆ ತಗೊಂಡುಬಿಡ್ತೀರಾ? ಥೇಟ್ ಹಾಗೇ ಇರ್ಬೇಕು ನೋಡಿ."

ಅವನು ದಾರ ಕೈಗೆ ತೆಗೆದುಕೊಂಡ. ಆ ಹುಡುಗಿಯ ಭುಜ ಹನ್ನೆರಡೂಕಾಲು ಇಂಚು ಎಂದು ಕಣ್ಣಿಗೇ ಗೊತ್ತಾಯಿತು. ಮಗಳು ಮರಳು ಸುರಿಯುವುದನ್ನು ನಿಲ್ಲಿಸಿದ್ದಳು, ತಲೆ ಎತ್ತಿರಲಿಲ್ಲ. ಅವನು ಏನು ಹೇಳುತ್ತಾನೆಂದು ಅವಳು ಕಾಯುತ್ತಿದ್ದಾಳೆಂದು ಅವನಿಗೆ ಅನಿಸಿತು.

"ಇದು ಹನ್ನೊಂದು ವರ್ಷದವರಿಗೆ ಹೊಲಿದಿದ್ದಲ್ಲಮ್ಮ" ಅಂದ. ದನಿ ತಗ್ಗಿಸಲಿಲ್ಲ. "ನನ್ನ ಮಗಳಿಗೆ ಹದಿಮೂರೂವರೆ. ಅರ್ಧ ಟಿಕೆಟ್ಟಿಗೋಸ್ಕರ ಚಿಕ್ಕೋಳಾಗಿ ಕಾಣ್ಲಿ ಅಂತ ನಾನೇ ಹೀಗೆ ಹೊಲಿದೆ. ಅವಳು ಬೇಡ ಅಂದ್ಲು. ನಾನೇ ಹಾಕಿಸ್ದೆ."

ತಾಯಿ ಕೈ ಚಾಚಿ ದಾರವನ್ನು ವಾಪಸು ಪಡೆದು ಬೆರಳಿಗೆ ಸುತ್ತಿಕೊಂಡಳು. ಬೈದಿದ್ದರೆ ಅವನು ಉತ್ತರ ಕೊಡಬಹುದಿತ್ತು. ಅವಳು "ಓ" ಅಂದಳು, ಆಮೇಲೆ "ಬಿಸಿಲು ಇನ್ನೂ ಇದೆ" ಅಂದಳು.

ಚಿನಕುರುಳಿ ಮಾತ್ರ ಬಾಯಿ ತೆರೆದು ಕೂತಳು. "ಹಾಗಾದ್ರೆ ನೀನು ಅಕ್ಕನಾ?"

"ಹೂಂ" ಅಂದಳು ಮಗಳು. ಜಡೆಯ ಒಂದು ರಿಬ್ಬನ್ನು ಎಳೆದು ಬಿಚ್ಚಿದಳು, ಇನ್ನೊಂದನ್ನೂ. "ದಶಮಾಂಶ ಕಷ್ಟ ಏನಿಲ್ಲ. ಹೇಳ್ಕೊಡ್ಲಾ?" ಮರಳಿನ ಮೇಲೆ ಬೆರಳಿನಿಂದ ಅಂಕಿ ಬರೆಯತೊಡಗಿದಳು. ಅಪ್ಪನ ಕಡೆ ತಿರುಗಲಿಲ್ಲ.

ಅರ್ಧ ಗಂಟೆಯ ಮೇಲೆ ಜೀಪು ಬಂತು. ಹೆಂಡತಿ ಇಳಿದಾಗ ಕೂದಲೆಲ್ಲ ಕೆದರಿತ್ತು, ಹುಬ್ಬಿನ ಮೇಲೂ ಮರಳು. ನಗು ಮುಖದ ತುಂಬ ಇತ್ತು, ಏನೋ ಹೇಳಲು ಬಾಯಿ ತೆರೆದಿದ್ದಳು. ಡೇರೆಯ ಒಂದು ಕಡೆ ಮಗಳು, ಇನ್ನೊಂದು ಕಡೆ ಗಂಡ ಕೂತದ್ದನ್ನು ನೋಡಿದಳು.

"ಹೇಗಿತ್ತಮ್ಮಾ?" ಮಗಳು ಎದ್ದು ಓಡಿ ಬಂದು ಕೇಳಿದಳು.

"ಏನಿಲ್ಲ ಕಣೇ" ಅಂದಳು ಹೆಂಡತಿ, ನಗುವನ್ನು ನುಂಗಿಕೊಳ್ಳುತ್ತ. "ಬರೀ ಮರಳು. ತಲೆ ತಿರುಗಿ ವಾಂತಿ ಬರೋ ಹಾಗಾಯ್ತು. ನೀನು ಬರದಿದ್ದದ್ದೇ ಒಳ್ಳೇದಾಯ್ತು."

ಮಗಳು ಅಮ್ಮನ ಭುಜದ ಮರಳು ಕೊಡವಿದಳು. "ಸುಳ್ಳು ಹೇಳ್ಬೇಡ" ಅಂದಳು, ಮೆಲ್ಲಗೆ. "ನೀನು ಕೂಗಿದ್ದು ಕೇಳಿಸ್ತು. ಪೂರ್ತಿ ಹೇಳು."

ಅಮ್ಮ ಹೇಳಲು ಶುರು ಮಾಡಿದಳು. ಮೊದಲು ಅಳುಕುತ್ತ, ಆಮೇಲೆ ಕೈ ಮೇಲೆತ್ತಿ ಕೆಳಗಿಳಿಸಿ. ಇಂಚಣ್ಣ ಅವರಿಂದ ಹತ್ತು ಹೆಜ್ಜೆ ದೂರದಲ್ಲಿದ್ದ. ಎದ್ದು ಹೋಗಿ ಪಕ್ಕದಲ್ಲಿ ನಿಂತು ಕೇಳುವ ಆಸೆಯಾಯಿತು. ಯಾರೂ ಬೇಡವೆಂದಿರಲಿಲ್ಲ. ಅವನು ಕೂತಲ್ಲೇ ಕೂತು, ಕೇಳಿಸಿದಷ್ಟನ್ನು ಕೇಳಿಸಿಕೊಂಡ.