ಚಪ್ಪಾಳೆ ಕಾಂಪೌಂಡರು

ನಾನು ಅವನನ್ನು ಮೊದಲು ನೋಡಿದ್ದು ಮೊಮ್ಮಗಳಿಗೆ ಹತ್ತು ತಿಂಗಳಾಗಿದ್ದಾಗ. ಕರೆದರೆ ಮಗು ತಿರುಗುವುದಿಲ್ಲ ಅಂತ ಮಗಳ ಜೊತೆ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆ. ಡಾಕ್ಟರಿಗೆ ಪುರುಸೊತ್ತಿಲ್ಲ, ಕಿವಿಯ ವಿಷಯವನ್ನೆಲ್ಲ ಕಾಂಪೌಂಡರಿಗೇ ಬಿಟ್ಟಿದ್ದರು. ಅವನು ಮಗುವಿನ ಬೆನ್ನ ಹಿಂದೆ ತುದಿಗಾಲಲ್ಲಿ ಕೂತು ಪಟ್ಟಂತ ಚಪ್ಪಾಳೆ ತಟ್ಟಿದ. ಮಗು ತಿರುಗಿತು.

"ಕೇಳುತ್ತೆ ಕಣಮ್ಮಾ. ಹಟ ಅಷ್ಟೆ, ಅಜ್ಜಿ ಕಡೆಯಿಂದ ಬಂದಿರಬೇಕು" ಅಂದ. ಮಗಳಿಗೆ ಸಮಾಧಾನವಾಗಿ ಅತ್ತೇಬಿಟ್ಟಳು.

ಇಪ್ಪತ್ತೆರಡು ವರ್ಷದಿಂದ ಅವನದು ಇದೇ ಕಸುಬು. ಕಲಿತದ್ದು ಔಷಧಿ ಕಲಸುವುದನ್ನು. ಡಾಕ್ಟರು ರಜೆಯಲ್ಲಿದ್ದಾಗ ಒಮ್ಮೆ ತಟ್ಟಿದನಂತೆ, ಯಾವುದೋ ಮಗು ತಿರುಗಿತಂತೆ, ಅವತ್ತಿನಿಂದ ಕಿವಿ ಪಂಡಿತ. ಮಗು ತಿರುಗದಿದ್ದರೆ ಇನ್ನೂ ಹತ್ತಿರ ಸರಿದು ತಟ್ಟುತ್ತಿದ್ದ. ತಿರುಗುವ ತನಕ ಬಿಡುತ್ತಿರಲಿಲ್ಲ.

ನನಗೆ ಅನುಮಾನ ಹೋಗಲಿಲ್ಲ. ನನ್ನ ಕತ್ತಿನ ಹಿಂದೆ ಮಗಳ ಕೈಲಿ ತಟ್ಟಿಸಿಕೊಂಡು ನೋಡಿದೆ. ಸದ್ದಿನ ಜೊತೆ ಗಾಳಿಯೂ ಬಡಿಯಿತು. ಗಾಳಿ ತಾಗದ ಹಾಗೆ ಮಗುವಿನ ಕತ್ತಿಗೆ ದಪ್ಪ ಟವೆಲು ಸುತ್ತಿ ಚಪ್ಪಾಳೆ ತಟ್ಟಿದೆ. ಮೂರು ದಿನ, ದಿನಕ್ಕೆ ಹತ್ತು ಸಲ. ಒಂದು ಸಲವೂ ತಿರುಗಲಿಲ್ಲ.

ಮತ್ತೆ ಅವನ ಹತ್ತಿರ ಹೋಗಿ ಇದನ್ನು ಹೇಳಿ, ದೊಡ್ಡ ಆಸ್ಪತ್ರೆಯ ಪರೀಕ್ಷೆಗೆ ಬರೆದುಕೊಡಪ್ಪಾ ಅಂದೆ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಜ್ಜಿ? ಅಷ್ಟು ಗೊತ್ತಿದ್ದರೆ ನೀವೇ ಬಂದು ಈ ಕುರ್ಚಿಯಲ್ಲಿ ಕೂತುಬಿಡಿ." ಕಾದಿದ್ದವರೆಲ್ಲ ನಕ್ಕರು.

"ಕೂರಬಹುದಿತ್ತು ಕಣಪ್ಪಾ. ಗೊತ್ತಿಲ್ಲದ್ದನ್ನು ಗೊತ್ತು ಅನ್ನುವಷ್ಟು ಧೈರ್ಯ ನನಗಿಲ್ಲ" ಅಂದು ಎದ್ದು ಬಂದೆ.

ದೊಡ್ಡ ಆಸ್ಪತ್ರೆಗೆ ಚೀಟಿಯಿಲ್ಲದೆಯೇ ಹೋದೆವು. ಮಗು ನಿದ್ದೆ ಹೋದ ಮೇಲೆ ಹಣೆಗೆ, ಕಿವಿಯ ಹಿಂದೆ ತಂತಿಯ ಬಿಲ್ಲೆ ಅಂಟಿಸಿ, ಕಿವಿಯೊಳಕ್ಕೆ ಟಕಟಕ ಸದ್ದು ಬಿಟ್ಟರು. "ಮಗು ತಿರುಗೋದೂ ಬೇಡ, ನಗೋದೂ ಬೇಡ ಅಜ್ಜಿ. ಸದ್ದು ಒಳಗೆ ಮುಟ್ಟಿದರೆ ಈ ಪರದೆ ಮೇಲೆ ಅಲೆ ಏಳುತ್ತೆ" ಅಂದಳು ಪರೀಕ್ಷೆ ಮಾಡುವ ಹುಡುಗಿ. ಸದ್ದು ಏರಿಸುತ್ತಾ ಹೋದಳು. ಸದ್ದಿನ ಅಳತೆ ಎಂಬತ್ತಕ್ಕೆ ಏರುವ ತನಕ ಗೆರೆ ಸತ್ತ ಹಾಗೆ ಮಲಗಿತ್ತು. ತೊಂಬತ್ತಕ್ಕೆ ಸಣ್ಣದೊಂದು ಅಲೆ ಎದ್ದಿತು.

"ಬೇಗ ಬಂದಿದ್ದೀರಿ. ಈಗಲೇ ಕಿವಿಗೆ ಮಿಷನ್ ಹಾಕಿದರೆ ಮಾತು ಕಲಿಯೋಕೆ ಅನುಕೂಲ" ಅಂದಳು. ಬೇಗ ಬಾರದಿದ್ದ ಮಕ್ಕಳು ಎಷ್ಟೋ.

ಮುಂದೆ ಬರುವವರಿಗಾದರೂ ಒಳ್ಳೆಯದಾಗಲಿ ಅಂತ ರಿಪೋರ್ಟು ಹಿಡಿದು ಅವನ ಹತ್ತಿರ ಹೋದೆ. ಎರಡು ಸಲ ಓದಿದ. ನನ್ನ ತೊಡೆಯ ಮೇಲಿದ್ದ ಮಗುವಿನ ಕಡೆ ಕಣ್ಣೆತ್ತಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದ:

"ಅಮ್ಮಾ, ಅಲ್ಲಿ ನನ್ನ ಹೆಸರೇನೂ ಹೇಳಲಿಲ್ಲ ತಾನೇ?"