ಹೊಸ ನೀರಿನ ಜೊತೆ ನಡೆದ ಪಾಲಮ್ಮ

ಪಾಲಮ್ಮ ಹುಟ್ಟಿದ್ದು ಹೊರಕೆರೆದೇವಪುರದ ಆಚೆ, ಗುಡ್ಡದ ಬುಡದ ಹಟ್ಟಿಯಲ್ಲಿ. ಚಿಕ್ಕಹೊಳೆ ಹುಟ್ಟುವುದೂ ಆ ಗುಡ್ಡದಲ್ಲೇ. ಮದುವೆಯಾಗಿ ಅವರು ಬಂದದ್ದು ಅದೇ ಹೊಳೆಯ ನಡುದಾರಿಯ ನಮ್ಮ ಹಟ್ಟಿಗೆ. ಕುರಿ ಕಾಯುತ್ತಾ ಅರವತ್ತು ದಾಟಿದರೂ ಹೊಳೆ ವೇದಾವತಿಗೆ ಸೇರುವುದನ್ನು ಮಾತ್ರ ಅವರು ಕಂಡಿರಲಿಲ್ಲ. ನೀರು ದಾರಿಯ ಮರಳಿನಲ್ಲೇ ಇಂಗುತ್ತಿತ್ತು. ಎರಡೂ ಸೇರುವ ಕೂಡಲಿನ ಪಕ್ಕದ ಊರಿಗೆ ಕೊಟ್ಟಿದ್ದ ತಂಗಿ ಗಂಗಕ್ಕ, "ತವರಿನ ನೀರಿಗೆ ನಮ್ಮೂರ ದಾರಿ ಗೊತ್ತಿಲ್ಲ ಕಣಕ್ಕಾ" ಎಂದು ಕೆಣಕುತ್ತಿದ್ದರು.

ಈ ಸಲ ಗುಡ್ಡದ ಮೇಲೆ ಜೋರು ಮಳೆ. ಬೆಳಿಗ್ಗೆ ತವರಿನಿಂದ ತಮ್ಮ ಗೊಲ್ಲಪ್ಪ ಫೋನ್ ಮಾಡಿದರು. "ಅಕ್ಕಾ, ಹೊಳೆ ಹೊರಟೈತೆ!"

ಕೂಡಲಿಗೆ ಹೋಗುವ ರಸ್ತೆ ಇರುವುದು ಆಚೆ ದಡದಲ್ಲಿ. ನೀರು ಸೇರುವುದನ್ನು ಅತ್ತೆಗೆ ತೋರಿಸಲು ಸೊಸೆ ಲತಾ ಒಣಗಿದ ಹೊಳೆ ದಾಟಿ, ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದರು. ಅಷ್ಟರಲ್ಲಿ ತರಗೆಲೆ, ಕುರಿ ಹಿಕ್ಕೆ ನೂಕಿಕೊಂಡು ಕೆಂಪು ನೀರು ಬಂದೇಬಿಟ್ಟಿತು! ಪಾಲಮ್ಮ ಹಿಗ್ಗಿನಲ್ಲಿ ಓಡಿಹೋಗಿ ಈಚೆ ದಡದಲ್ಲೇ ಅರಿಶಿನ ಕುಂಕುಮ ಹಾಕಿ ಕೈಮುಗಿದರು.

"ಅಯ್ಯೋ ಅತ್ತೇ! ದಾಟಿ ಬಂದು ಹಾಕಬಾರದಿತ್ತಾ?"

ಪಾಲಮ್ಮ ನಾಲಿಗೆ ಕಚ್ಚಿಕೊಂಡರು. ಹೊಸ ನೀರಿಗೆ ಅರಿಶಿನ ಹಾಕಿದವರು, ಆ ನೀರು ಕೂಡಲು ಸೇರುವ ತನಕ, ಇಲ್ಲವೇ ಇಂಗುವ ತನಕ, ಹೊಳೆ ದಾಟಬಾರದು. ಅದು ನಮ್ಮ ಹಟ್ಟಿಯ ಕಟ್ಟು.

"ಪಾದ ಮುಳುಗೋ ನೀರು. ದಾಟಿ ಬರ್ರಿ, ಯಾರೂ ನೋಡಲ್ಲ."

"ಹೊಳೆ ನೋಡ್ತೈತೆ ಕಣೇ. ನೀನು ರಸ್ತೇಲಿ ಬಾ, ನಾನು ಇದರ ಜೊತೆ ಹೋಗ್ತೀನಿ."

ಈಚೆ ದಡದಲ್ಲಿ ದಾರಿಯೇ ಇಲ್ಲ. ಜಾಲಿಮುಳ್ಳು, ತೆಂಗಿನ ತೋಟದ ಬೇಲಿ. ನೀರು ಮುಂದೆ ಹೋಗುತ್ತಿತ್ತು, ಗುಂಡಿ ಸಿಕ್ಕಲ್ಲಿ ತುಂಬಲು ನಿಲ್ಲುತ್ತಿತ್ತು. ಅಲ್ಲಿ ಪಾಲಮ್ಮ ಅದನ್ನು ಹಿಡಿಯುತ್ತಿದ್ದರು. ರಸ್ತೆ ಹತ್ತಿರ ಬಂದಾಗಲೆಲ್ಲ ಆಚೆಯಿಂದ ಲತಾ ಹಾರ್ನ್ ಬಾರಿಸುತ್ತಿದ್ದರು.

ಕೂಡಲು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮರಳು ತೆಗೆದ ದೊಡ್ಡ ಗುಂಡಿ. ನೀರು ಅದರೊಳಗೆ ಇಳಿದು ಸುಮ್ಮನಾಯಿತು. ಆಚೆ ದಡದಲ್ಲಿ ಜನರ ಜೊತೆ ಗಂಗಕ್ಕನೂ ಬಂದು ನಿಂತಿದ್ದರು.

"ಅಕ್ಕಾ, ಹೊಳೆಗೆ ಸುಸ್ತಾಯ್ತೇನೇ? ಒಂದ್ಲೋಟ ಟೀ ಕೊಡಲಾ?"

ಪಾಲಮ್ಮ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, "ತುಂಬವ್ವಾ, ತುಂಬು" ಎನ್ನುತ್ತಿದ್ದರು. ನೀರು ನಿಧಾನಕ್ಕೆ ಏರಿತು. ಅಂಚಿನ ಮರಳು ಒದ್ದೆಯಾಯಿತು. ನೀರಿನ ಒಂದು ಎಳೆ ಅಂಚು ದಾಟಿ ಮುಂದೆ ಜಾರಿತು!

"ಬಂತು! ಬಂತು!" ಗಂಗಕ್ಕನೇ ಮೊದಲು ಕೂಗಿದ್ದು. ಎರಡೂ ದಡದಲ್ಲಿ ಓಟ. ಕೆಂಪು ನೀರು ವೇದಾವತಿಯ ತಿಳಿನೀರಿಗೆ ಸೇರಿ, ಸ್ವಲ್ಪ ದೂರ ಬೇರೆಯಾಗಿಯೇ ಹರಿದು, ಆಮೇಲೆ ಬೆರೆಯಿತು.

"ಈಗ ದಾಟೇ ಅಕ್ಕಾ!"

ಪಾಲಮ್ಮ ಸೀರೆ ಎತ್ತಿಕೊಂಡು ಚಿಕ್ಕಹೊಳೆಗೆ ಇಳಿದವರು ನಡುವೆಯೇ ನಿಂತುಬಿಟ್ಟರು. ಕರೆದರೂ ಬರಲಿಲ್ಲ.

"ಇರೇ, ಕಾಲು ತಣ್ಣಗಾಗ್ಲಿ."

ಕಾದು ಕಾದು ಗಂಗಕ್ಕನೂ ಚಪ್ಪಲಿ ಬಿಟ್ಟು ನೀರಿಗಿಳಿದರು.