ಎಸ್ಪೊಸಿಟೊ, ಆದರೆ ನಮ್ಮವರಲ್ಲ

ಮೊನ್ನೆ ವಾಕಿಂಗ್ ಹೋಗುತ್ತಿದ್ದಾಗ ಯಾರದ್ದೋ ಗರಾಜಿನಿಂದ ಟೊಮೇಟೊ ಬೇಯುವ ವಾಸನೆ ಬಂತು. ಒಗ್ಗರಣೆಯಿಲ್ಲದ, ತುಳಸಿಯಂಥ ಯಾವುದೋ ಎಲೆ ಹಾಕಿದ ವಾಸನೆ. ಅಲ್ಲೇ ನಿಂತುಬಿಟ್ಟೆ. ಸ್ಟರ್ಲಿಂಗ್ ಹೈಟ್ಸಿನ ನಮ್ಮ ಹಳೆಯ ಮನೆ, ಪಕ್ಕದ ಗರಾಜು, ಅದರ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ರಸ್ತೆಯನ್ನೇ ನೋಡುತ್ತಿದ್ದ ಪಕ್ಕದ ಮನೆಯ ಮುದುಕರು...

ಕಾರು ಕಾರ್ಖಾನೆಯಿಂದ ರಿಟೈರ್ ಆದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾವು ಹೋದ ಹೊಸದರಲ್ಲಿ ನಮ್ಮ ಮನೆಯ ಟಪಾಲು ಅವರ ಮೇಲ್‌ಬಾಕ್ಸಿಗೆ ಬಿದ್ದಿತ್ತು. ತಂದುಕೊಟ್ಟವರು, "ಒಂದು ಮನೆ, ಮೂರು ಲಾಸ್ಟ್ ನೇಮು. ಮಗು ಯಾರದ್ದು?" ಎಂದು ಕೇಳಿದರು. ನನಗೆ ಮೈ ಉರಿಯಿತು. ನಮ್ಮಲ್ಲಿ ಅಪ್ಪನ ಹೆಸರನ್ನೇ ಹಿಂದೆ ಹಚ್ಚಿಕೊಳ್ಳುತ್ತೇವೆ, ನನಗೆ ನನ್ನಪ್ಪನದು, ಗಂಡನಿಗೆ ಅವರಪ್ಪನದು, ಮಗಳಿಗೆ ಅವಳಪ್ಪನದು ಎಂದು ವಿವರಿಸಿದೆ. ತಲೆಯಾಡಿಸಿದರು. ನಂಬಲಿಲ್ಲ.

ಅಂದಿನಿಂದ ಮಗಳು ಸ್ಕೂಲ್ ಬಸ್ಸಿಳಿಯುವ ಹೊತ್ತಿಗೆ ಸರಿಯಾಗಿ ಆ ಕುರ್ಚಿ ಹೊರಗೆ ಬರತೊಡಗಿತು. ಎಲ್ಲಿ ಪೊಲೀಸರಿಗೆ ಫೋನ್ ಮಾಡಿ ಮಗುವನ್ನು ಕರೆದೊಯ್ಯುವ ಹಾಗೆ ಮಾಡಿಬಿಡುತ್ತಾರೋ ಎಂದು ನನಗೆ ಭಯ. "ಅನುಮಾನಂ ಪೆದ್ದ ರೋಗಂ ಕಣೆ, ಸುಮ್ನಿರು," ಎಂದರು ನನ್ನ ಗಂಡ.

ಸುಮ್ಮನಿರುವ ಜಾಯಮಾನ ನನ್ನದಲ್ಲ. ನಾನೂ ಅವರ ಮೇಲೆ ಕಣ್ಣಿಟ್ಟೆ. ಅವರ ಮೇಲ್‌ಬಾಕ್ಸಿನ ಮೇಲಿದ್ದ ಎಸ್ಪೊಸಿಟೊ ಎಂಬ ಹೆಸರೇ ಒಂದು ಬೇಕರಿಯ ಬೋರ್ಡಿನ ಮೇಲಿತ್ತು, ಪ್ಲಂಬರನ ವ್ಯಾನಿನ ಮೇಲಿತ್ತು, ಮಗಳ ಕ್ಲಾಸಿನಲ್ಲೂ ಒಬ್ಬನಿದ್ದ. ನಿಮ್ಮವರಾ ಎಂದು ಕೇಳಿದರೆ ಪ್ರತಿ ಸಲವೂ ಅಲ್ಲ ಎನ್ನುತ್ತಿದ್ದರು. ಬೇಕರಿಯವನನ್ನು ಕೇಳಿದೆ, ಅವನದೂ ಅದೇ ಮಾತು. ಒಂದೇ ಮನೆತನದ ಹೆಸರು ಹೊತ್ತವರು ಒಬ್ಬರನ್ನೊಬ್ಬರು ಒಲ್ಲೆ ಎಂದರೆ ಏನರ್ಥ? ಆಸ್ತಿ ಜಗಳ, ಇಲ್ಲವೇ ಅದಕ್ಕಿಂತ ಕೆಟ್ಟದ್ದು. ನನ್ನ ಮಗು ಯಾರದ್ದು ಎಂದು ಕೇಳುವವರಿಗೆ ತಮ್ಮ ದಾಯಾದಿಗಳು ಯಾರೆಂದು ಗೊತ್ತಿಲ್ಲವೇ?

ಆಗಸ್ಟಿನ ಒಂದು ಸಂಜೆ ಅವರು ಮಗಳ ಕೈಗೆ ಟೊಮೇಟೊ ಕೊಡುವುದು ಕಂಡಿತು. ಇನ್ನು ತಡೆಯಲಾಗಲಿಲ್ಲ. ನೇರ ಗರಾಜಿಗೆ ಹೋಗಿ, ನಿಮ್ಮ ದಾಯಾದಿಗಳ ಜೊತೆ ಏನು ಜಗಳ ಎಂದು ಕೇಳಿಬಿಟ್ಟೆ.

ಟೊಮೇಟೊ ಬೇಯುತ್ತಿದ್ದ ಒಲೆಯ ಉರಿಯನ್ನು ಅವರು ಸಣ್ಣ ಮಾಡಿದರು. ಹಿಂದೆ ಅವರ ಹಿರೀಕರ ಊರು ನೇಪಲ್ಸಿನಲ್ಲಿ ಸಾಕಲಾರದ ಕೂಸುಗಳನ್ನು ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದರಂತೆ. ಆ ಹೆಸರಿನ ಅರ್ಥವೇ ಹೊರಗೆ ಇಟ್ಟದ್ದು ಎಂದು. ಬಿಟ್ಟುಹೋದ ಎಷ್ಟೋ ಮಕ್ಕಳಿಗೆ ಅದೊಂದೇ ಹೆಸರು. ಅದಕ್ಕೇ ಆ ಊರಿನ ತುಂಬ ಅವರೇ, ಹಡಗು ಹತ್ತಿ ಬಂದ ಮೇಲೆ ಇಲ್ಲಿಯೂ ಅವರೇ. ಹೆಸರು ಒಂದು, ರಕ್ತ ಬೇರೆ. ಇವರ ತಾತನ ತಾತನೂ ಹಾಗೆ ಸಿಕ್ಕ ಕೂಸು.

"ಜೊತೇಲಿ ಒಬ್ಬ ತಮ್ಮ ಇದ್ದನಂತೆ. ಅವನನ್ನ ಬೇರೆ ಯಾರೋ ಕರ್ಕೊಂಡು ಹೋದ್ರಂತೆ. ಈ ಹೆಸರಿನವರು ಯಾರೇ ಸಿಕ್ಕಲಿ, ನಿಮ್ಮನೇಲೂ ಈ ಕಥೆ ಇದೆಯಾ ಅಂತ ಕೇಳ್ತೀನಿ. ಇದುವರೆಗೂ ಒಬ್ಬರೂ ಹೂಂ ಅಂದಿಲ್ಲ."

"ಮತ್ತೆ ನನ್ನ ಮಗಳನ್ನ ಯಾಕೆ ನೋಡ್ತಾ ಕೂರ್ತಿದ್ರಿ?"

"ಬೇರೆ ಹೆಸರಿನ ಮಗು. ಎಲ್ಲಿಂದಲೋ ತಂದು ಸಾಕ್ತಿದೀರಿ ಅಂದ್ಕೊಂಡೆ. ಸರಿಯಾಗಿ ನೋಡ್ಕೋತೀರಾ ಅಂತ ನೋಡ್ತಿದ್ದೆ."

ಹೆಸರಿನ ಲೆಕ್ಕವನ್ನು ಮತ್ತೊಮ್ಮೆ ವಿವರಿಸಿದೆ. ಅಷ್ಟಾದರೂ ಮುದುಕರು ಬಿಡಲಿಲ್ಲ. ಅದು ನಿಜವಾಗಿಯೂ ಅಪ್ಪನ ಹೆಸರೇ ತಾನೆ ಎಂದು ಮಗಳನ್ನು ಬೇರೆಯಾಗಿ ಕೇಳಿ ಖಾತ್ರಿ ಮಾಡಿಕೊಂಡರು.

ಅವರು ಹೋಗಿ ವರ್ಷಗಳಾದವು. ಮಣ್ಣಿಗೆ ನಾವೂ ಹೋಗಿದ್ದೆವು. ರಕ್ತಸಂಬಂಧ ಎನ್ನುವವರು ಯಾರೂ ಇರಲಿಲ್ಲ...

ಮಗಳು ಈಗ ಚಿಕಾಗೋ ಕಡೆ, ವುಡ್‌ರಿಡ್ಜಿನಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ ಈ ವಾಸನೆಯ, ಆ ಮುದುಕರ ವಿಷಯ ಹೇಳಿದಾಗ, "ಅಮ್ಮಾ, ಮೈ ನ್ಯೂ ಮ್ಯಾನೇಜರ್ ಹ್ಯಾಸ್ ದ ಸೇಮ್ ಲಾಸ್ಟ್ ನೇಮ್," ಎಂದಳು.

"ಆ ಹೆಸರಿನವರು ಎಲ್ಲಾ ಕಡೆ ಇದಾರೆ ಕಣೆ. ಯಾರಿಗೆ ಯಾರೂ ಏನೂ ಆಗ್ಬೇಕಿಲ್ಲ," ಎಂದೆ. ಮತ್ತೆ ನಾನೇ ಸೇರಿಸಿದೆ, "ಆದ್ರೂ ಕೇಳಿ ನೋಡು, ಅವರ ಮನೇಲಿ ಅಣ್ಣ ತಮ್ಮನ ಕಥೆ ಏನಾದ್ರೂ ಇದೆಯಾ ಅಂತ."

"ಓಕೆ," ಎಂದಳು. ಇದೆ ಎಂದರೆ ಯಾರಿಗೆ ಹೇಳುವುದು ಎಂದು ಅವಳು ಕೇಳಲಿಲ್ಲ.